ಪ್ರಶ್ನೆಯ ಜೊತೆಗೇ ಲೆಕ್ಕ: ಕಾನೂನು ಶಾಲೆ ಮತ್ತು ಸಂಶೋಧನಾ ಅನುದಾನ

(ದತ್ತಿ ಉಪನ್ಯಾಸದ ಪಾಠ)

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕ್ರಿ.ಶ. 1058ರ ಶಾಸನವೊಂದಿದೆ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಅಲ್ಲೊಂದು ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯೆಯ ಶಾಲೆ, ನಿಲ್ಲಿಸಿ, ಅದರ ಖರ್ಚಿಗೆ ಭೂಮಿ ಬಿಟ್ಟ. ವೇದ ಓದುವ 200 ವಿದ್ಯಾರ್ಥಿಗಳಿಗೆ, ಶಾಸ್ತ್ರ ಓದುವವರಿಗೆ, ಪಾಠ ಹೇಳುವ ಗುರುಗಳಿಗೆ ಪಾಲು ಗೊತ್ತುಮಾಡಿದ ಆ ದತ್ತಿ ಅಷ್ಟಕ್ಕೇ ನಿಲ್ಲಲಿಲ್ಲ. ಗ್ರಂಥಭಂಡಾರ ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರ ಜೀವನಕ್ಕೂ ಅದರಲ್ಲಿ ಏರ್ಪಾಡಿತ್ತು. ಓದುವವನಿಗೂ ಓದಿಸುವವನಿಗೂ ನೆರವಾಗಿ ನಿಲ್ಲುವ ಮೂರನೆಯವನೊಬ್ಬ ಬೇಕು, ಅವನ ಸಂಬಳ ಮೊದಲ ದಿನವೇ ಗೊತ್ತಾಗಬೇಕು ಎಂಬ ತಿಳಿವಳಿಕೆ ಆ ದಂಡನಾಯಕನಿಗಿತ್ತು.

ಕೆಲವು ದಶಕಗಳ ಬಳಿಕ ಅದೇ ರಾಜ್ಯದ ರಾಜಧಾನಿ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕಾಲದ ನ್ಯಾಯಾಲಯಗಳು ಹಿಂದೂ ಆಸ್ತಿ ಹಂಚಿಕೆಯ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ತಿರುವಿ ಹಾಕಿದ್ದು ಅದನ್ನೇ. ಕನ್ನಡ ನೆಲದಲ್ಲಿ ಕಾನೂನಿನ ಸಂಶೋಧನೆಗೆ ಆಶ್ರಯ ಸಿಕ್ಕಾಗ ಅದರ ಫಲ ಏಳೆಂಟು ನೂರು ವರ್ಷ ಉಳಿಯಿತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇವತ್ತಿನ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಅಂಥ ಆಶ್ರಯದ ಏರ್ಪಾಡನ್ನು ನೋಡಿಕೊಳ್ಳುವವರು ಯಾರು? ಅನುದಾನ ಎಲ್ಲಿಂದ ಬರುತ್ತದೆ, ಯಾವ ಷರತ್ತಿನ ಮೇಲೆ ಬರುತ್ತದೆ, ಬಂದ ಮೇಲೆ ಯಾವ ಕಡತದಲ್ಲಿ ಓಡಾಡುತ್ತದೆ? ಈ ಉಪನ್ಯಾಸ ಹೇಳಹೊರಟಿರುವುದು ಒಂದೇ ಮಾತು. ಸಂಶೋಧನೆಯ ಹಣ ನೋಡಿಕೊಳ್ಳುವವರು ಕೆಲಸ ಮುಗಿದ ಮೇಲೆ ವೋಚರ್ ಎಣಿಸಲು ಬರುವವರಾಗಬಾರದು. ಪ್ರಶ್ನೆ ರೂಪುಗೊಳ್ಳುವ ದಿನವೇ ಅದೇ ಮೇಜಿನ ಸುತ್ತ ಅವರಿಗೂ ಒಂದು ಕುರ್ಚಿ ಇರಬೇಕು.

ಪ್ರಯೋಗಾಲಯವಿಲ್ಲದ ಸಂಶೋಧನೆಯ ಖರ್ಚು

ಕಾನೂನು ಸಂಶೋಧನೆಗೆ ಹಣವೇಕೆ ಎಂದು ಕೇಳುವವರು ವಿಶ್ವವಿದ್ಯಾಲಯಗಳ ಒಳಗೇ ಇದ್ದಾರೆ. ಗ್ರಂಥಾಲಯವಿದೆ, ತೀರ್ಪುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಬರೆಯಲು ಒಂದು ಕಂಪ್ಯೂಟರ್ ಸಾಕು ಎಂಬುದು ಅವರ ಲೆಕ್ಕ. ತೀರ್ಪುಗಳ ತರ್ಕವನ್ನಷ್ಟೇ ಬಿಡಿಸುವ ಲೇಖನಕ್ಕೆ ಈ ಲೆಕ್ಕ ಸರಿಹೋದೀತು. ಕಾನೂನು ಜನರ ಬದುಕಿನಲ್ಲಿ ಹೇಗೆ ನಡೆಯುತ್ತಿದೆ ಎಂದು ನೋಡಹೊರಟ ಕೂಡಲೇ ಅದು ತಲೆಕೆಳಗಾಗುತ್ತದೆ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಮರಣದಂಡನೆಯ ವರದಿಯನ್ನೇ ನೋಡಬಹುದು. 2013ರಲ್ಲಿ ಕೆಲಸ ಶುರುವಾದಾಗ, ದೇಶದಲ್ಲಿ ಮರಣದಂಡನೆಗೆ ಗುರಿಯಾಗಿ ಜೈಲಿನಲ್ಲಿರುವವರು ಎಷ್ಟು ಮಂದಿ ಎಂಬ ಸರಿಯಾದ ಪಟ್ಟಿಯನ್ನು ಕಲೆಹಾಕುವುದೇ ಒಂದು ಸಂಶೋಧನೆಯಾಯಿತು. ಕೊನೆಗೆ ಸಿಕ್ಕ ಸಂಖ್ಯೆ 385. ಅವರಲ್ಲಿ 373 ಮಂದಿಯ ವಿವರಗಳನ್ನು ಸಂದರ್ಶನಗಳ ಮೂಲಕ ದಾಖಲಿಸಲಾಯಿತು. ಅವರಲ್ಲಿ ನೂರಕ್ಕೆ 74 ಮಂದಿ ಆರ್ಥಿಕವಾಗಿ ದುರ್ಬಲರು ಎಂಬುದು ವರದಿ ಹೊರಗೆಡಹಿದ ಸತ್ಯ. ಆ ಒಂದು ಅಂಕಿಯ ಹಿಂದೆ ರಾಜ್ಯ ರಾಜ್ಯಗಳ ಜೈಲು ಇಲಾಖೆಯ ಅನುಮತಿ, ವಿದ್ಯಾರ್ಥಿಗಳ ತರಬೇತಿ, ರೈಲು ಬಸ್ಸುಗಳ ಖರ್ಚು, ಹಲವು ಭಾಷೆಗಳಲ್ಲಿ ನಡೆದ ಮಾತುಕತೆಯ ಅನುವಾದ, ಊರೂರು ಹುಡುಕಿ ಕೈದಿಗಳ ಮನೆಯವರನ್ನು ಕಾಣುವ ಓಡಾಟ ಎಲ್ಲ ಇವೆ. ಕರ್ನಾಟಕದಲ್ಲಿ ಮರಣದಂಡನೆಯ ಕೈದಿಗಳನ್ನು ಇಡುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ದೆಹಲಿಯಿಂದ ಹೊರಟ ಇಬ್ಬರು ಸಂಶೋಧಕರು ಅಲ್ಲಿ ಕನ್ನಡದಲ್ಲಿ ಮಾತಾಡಿಸಿ ವಾಪಸಾಗಬೇಕಾದರೆ ಟಿಕೆಟ್ಟು, ತಂಗುದಾಣ, ಕನ್ನಡ ಬಲ್ಲವರ ಸಂಭಾವನೆ ಇಷ್ಟನ್ನೂ ಯಾರೋ ಮೊದಲೇ ಪಟ್ಟಿ ಮಾಡಿರಬೇಕು. ಶಿಕ್ಷೆ ಕಡಿಮೆ ಮಾಡಲು ಆಧಾರವಾಗಬಲ್ಲ ಸಂಗತಿಗಳನ್ನು ವಿಚಾರಣಾ ಹಂತದಲ್ಲೇ ಕಲೆಹಾಕಬೇಕೆಂದು ಸುಪ್ರೀಂ ಕೋರ್ಟ್ 2022ರ ಮನೋಜ್ ಪ್ರಕರಣದಲ್ಲಿ ಹೇಳಿತು. ಕೈದಿಯ ಬಾಲ್ಯ, ಬಡತನ, ಮನಃಸ್ಥಿತಿಗಳನ್ನು ನ್ಯಾಯಾಲಯದ ಮುಂದಿಡುವ ಈ ಬಗೆಯ ಕೆಲಸವನ್ನು ಇಂಥ ಅಧ್ಯಯನಗಳೇ ಬೆಳೆಸಿದ್ದವು.

ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ 1986ರ ಕರ್ನಾಟಕದ ಕಾಯ್ದೆಯಿಂದ ಹುಟ್ಟಿ, 1988ರಲ್ಲಿ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ತರಗತಿ ಆರಂಭಿಸಿತು. ಅಲ್ಲಿನ ಮಕ್ಕಳು ಮತ್ತು ಕಾನೂನು ಕೇಂದ್ರ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ ವಿಶೇಷ ನ್ಯಾಯಾಲಯಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ದೆಹಲಿ, ಅಸ್ಸಾಂ, ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕ ಈ ಐದು ರಾಜ್ಯಗಳಲ್ಲಿ ಅಧ್ಯಯನ ಮಾಡಿತು. ಸಾಕ್ಷಿ ಹೇಳಲು ಬಂದ ಮಗುವಿಗೆ ಆರೋಪಿ ಎದುರಾಗದಂತೆ ಕಟ್ಟಡದಲ್ಲಿ ಏರ್ಪಾಡಿದೆಯೇ, ಮಗುವಿನ ಹೇಳಿಕೆ ಎಷ್ಟು ದಿನಕ್ಕೆ ದಾಖಲಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ತೀರ್ಪಿನ ಪುಟಗಳಲ್ಲಷ್ಟೇ ಉತ್ತರ ಸಿಗುವುದಿಲ್ಲ. ನ್ಯಾಯಾಲಯಕ್ಕೆ ಹೋಗಿ ಕಣ್ಣಾರೆ ನೋಡಬೇಕು, ವಕೀಲರು, ಅಭಿಯೋಜಕರು, ನ್ಯಾಯಾಧೀಶರನ್ನು ಮಾತಾಡಿಸಬೇಕು.

ಕಾನೂನು ಸಂಶೋಧನೆಯ ದೊಡ್ಡ ಖರ್ಚು ಮನುಷ್ಯರು ಮತ್ತು ಅವರ ವೇಳೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಪಾಠ ಮಾಡಬೇಕು; ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಅದರ ಮೇಲೆ ಅಣಕು ನ್ಯಾಯಾಲಯ, ಕಾನೂನು ನೆರವು ಶಿಬಿರ, ಮೌಲ್ಯಮಾಪನ. ಇಂಥವರಿಗೆ ಪಾಠದ ಹೊರೆ ಇಳಿಸಿ, ಆ ತರಗತಿಗೆ ಅತಿಥಿ ಉಪನ್ಯಾಸಕರನ್ನು ನೇಮಿಸುವ ಹಣ ವೆಚ್ಚದ ಪಟ್ಟಿಯಲ್ಲಿ ಇಲ್ಲದೆ ಹೋದರೆ ಅನುದಾನ ಬಂದೂ ಸಂಶೋಧನೆ ನಡೆಯುವುದಿಲ್ಲ.

ಹಣದ ದಾರಿಗಳು

ಸಮಾಜ ವಿಜ್ಞಾನಗಳ ಸಂಶೋಧನೆಗೆ ದೇಶದಲ್ಲಿ ಸರ್ಕಾರದ ದೊಡ್ಡ ಬಾಗಿಲು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಎಲ್ಲರ ಬಾಯಲ್ಲಿ ಐಸಿಎಸ್‌ಎಸ್‌ಆರ್. ವಿ.ಕೆ.ಆರ್.ವಿ. ರಾವ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 1969ರಲ್ಲಿ ಅದು ಹುಟ್ಟಿತು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರೂ ಅವರೇ. ಕಾನೂನಿನ ಅಧ್ಯಾಪಕರೂ ಈ ಬಾಗಿಲು ತಟ್ಟುತ್ತಾರೆ. ಆದರೆ ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಅರ್ಜಿಗಳ ಜೊತೆ ಪೈಪೋಟಿಗೆ ಇಳಿಯಬೇಕು, ಸಂಶೋಧನಾ ವಿಧಾನವನ್ನು ಅವರ ಭಾಷೆಯಲ್ಲಿ ವಿವರಿಸಬೇಕು. ಕಾನೂನು ಪದವಿಯಲ್ಲಿ ಮಾದರಿ ಆಯ್ಕೆ, ಪ್ರಶ್ನಾವಳಿ, ಅಂಕಿಅಂಶಗಳ ಪಾಠ ಕಡಿಮೆ. ಅರ್ಜಿಯ ಕರಡನ್ನು ಓದಿ ಇಂಥ ಕೊರತೆಯನ್ನು ಮೊದಲೇ ತೋರಿಸುವವರು ಒಳಗೇ ಇರಬೇಕಾದದ್ದು ಇದಕ್ಕಾಗಿ.

ಯೋಜನೆಗಳು ಬರುತ್ತವೆ, ಹೋಗುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಸಮಾಜ ವಿಜ್ಞಾನದ ನೀತಿ ಸಂಶೋಧನೆಗಾಗಿ ಇಂಪ್ರೆಸ್ ಎಂಬ ಯೋಜನೆ ತಂದಿತು: 414 ಕೋಟಿ ರೂಪಾಯಿ, 1,500 ಅಧ್ಯಯನಗಳು, ಕೊನೆಯ ದಿನಾಂಕ 2021ರ ಮಾರ್ಚ್ 31. ಅರ್ಜಿಯ ಕರೆ ಬಂದ ಮೇಲೆ ಪ್ರಶ್ನೆ ಹುಡುಕಲು ಕೂತ ಕಾಲೇಜಿಗೆ ಇಂಥ ಯೋಜನೆ ಒದಗುವುದಿಲ್ಲ. ಪ್ರಶ್ನೆಯನ್ನೂ ಅಂದಾಜು ವೆಚ್ಚವನ್ನೂ ಸಿದ್ಧವಾಗಿಟ್ಟುಕೊಂಡವರಿಗಷ್ಟೇ ಸಿಗುತ್ತದೆ.

2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಮಾತು ಬೇರೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಗುರಿ, ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನ ಮೂಲಗಳಿಂದ ಬರಬೇಕೆಂಬ ನಿರೀಕ್ಷೆ. ಅದರ ವ್ಯಾಪ್ತಿ ಮುಖ್ಯವಾಗಿ ವಿಜ್ಞಾನ, ಎಂಜಿನಿಯರಿಂಗ್, ಪರಿಸರ, ಆರೋಗ್ಯ, ಕೃಷಿ. ಮಾನವಿಕ ಮತ್ತು ಸಮಾಜ ವಿಜ್ಞಾನಗಳು ವಿಜ್ಞಾನ ತಂತ್ರಜ್ಞಾನದೊಂದಿಗೆ ಸಂಧಿಸುವ ಜಾಗಕ್ಕೆ ಮಾತ್ರ ಅಲ್ಲಿ ಎಡೆಯಿದೆ. ಕಾನೂನು ಶಾಲೆಗೆ ಇದು ಕಿರುಬಾಗಿಲು, ಆದರೂ ಬಾಗಿಲೇ. ದತ್ತಾಂಶ ರಕ್ಷಣೆ, ಕೃತಕ ಬುದ್ಧಿಮತ್ತೆಯ ಹೊಣೆಗಾರಿಕೆ, ಅಂತರ್ಜಲದ ಹಕ್ಕುಗಳಂಥ ವಿಷಯಗಳಲ್ಲಿ ಎಂಜಿನಿಯರಿಂಗ್ ವಿಭಾಗದ ಜೊತೆ ಕೂತು ಅರ್ಜಿ ಬರೆಯುವ ಕಾನೂನು ಅಧ್ಯಾಪಕರು ಅದರೊಳಗೆ ಹೋಗಬಲ್ಲರು.

ಕಂಪನಿಗಳ ಸಾಮಾಜಿಕ ಹೊಣೆಯ ಹಣದಲ್ಲೂ ಇದೇ ಸಂಗತಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ಏಳನೆಯ ಅನುಸೂಚಿ ಸರ್ಕಾರಿ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಹೆಸರಿಸುವಾಗ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಎಂದು ಹೇಳಿ ನಿಲ್ಲುತ್ತದೆ. ಕಾನೂನಿನ ಅಧ್ಯಯನ ಶಿಕ್ಷಣದ ಉತ್ತೇಜನ ಎಂಬ ಬೇರೆ ಬಾಬ್ತಿನಲ್ಲಿ ಹೋಗಬೇಕು. ಅರ್ಜಿಯ ಮೊದಲ ಪುಟದಲ್ಲಿ ಈ ಬಾಬ್ತು ತಪ್ಪಿದರೆ ಕಂಪನಿಯ ಸಮಿತಿಯಲ್ಲಿ ಆ ಕಡತ ಮುಂದಕ್ಕೆ ಹೋಗುವುದಿಲ್ಲ.

ಇನ್ನುಳಿದದ್ದು ಪೀಠಗಳು. ನಾಗರಬಾವಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ನೆರವಿನ ಗ್ರಾಹಕ ಕಾನೂನು ಪೀಠವಿದೆ. ಒಂದು ವಿಷಯವನ್ನು ವರ್ಷಗಟ್ಟಲೆ ಹಿಡಿದು ಕೂರಲು ಪೀಠಗಳು ಅವಕಾಶ ಕೊಡುತ್ತವೆ, ಎರಡು ವರ್ಷದ ಪ್ರಾಜೆಕ್ಟ್ ಕೊಡಲಾರದ ಅವಕಾಶ ಅದು.

ಅಮೆರಿಕದ ಮೂರು ಪ್ರಸಂಗಗಳು

ಕಾನೂನು ಶಾಲೆಯ ಹಣದ ನಿರ್ವಹಣೆ ಎಲ್ಲಿ ಸೋಲುತ್ತದೆ ಎಂದು ತೋರಿಸುವ ಮೂರು ಪ್ರಸಂಗಗಳು ಅಮೆರಿಕದಲ್ಲಿವೆ. ಮೂರೂ ದಾಖಲಾದವು, ಮೂರೂ ಬೇರೆ ಬೇರೆ ಬಗೆಯವು.

ಮೊದಲನೆಯದು ಬಾಲ್ಟಿಮೋರ್‌ನದು. 1928ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ವಕೀಲರನ್ನು ತಯಾರು ಮಾಡುವ ಗೊಡವೆಯೇ ಇಲ್ಲದ, ಸಂಶೋಧನೆಗೇ ಮೀಸಲಾದ ಕಾನೂನು ಅಧ್ಯಯನ ಸಂಸ್ಥೆ ತೆರೆಯಿತು. ವಾಲ್ಟರ್ ವೀಲರ್ ಕುಕ್, ಹರ್ಮನ್ ಓಲಿಫಂಟ್‌ರಂಥ ಹೆಸರಾಂತ ವಿದ್ವಾಂಸರು ಸೇರಿದರು. ನ್ಯಾಯಾಲಯಗಳ ಮೊಕದ್ದಮೆಗಳ ಅಂಕಿಅಂಶ ಕಲೆಹಾಕುವ ದೊಡ್ಡ ಅಧ್ಯಯನಗಳು ಶುರುವಾದವು. ಆದರೆ ಸಂಸ್ಥೆಗೆ ತನ್ನದೇ ಇಡುಗಂಟು ಇರಲಿಲ್ಲ. ವರ್ಷ ವರ್ಷದ ದೇಣಿಗೆಯ ಮೇಲೆ ನಿಂತಿತ್ತು. ಆರ್ಥಿಕ ಮಹಾಕುಸಿತ ಬಂತು, ದೇಣಿಗೆ ಬತ್ತಿತು, 1933ರಲ್ಲಿ ಬಾಗಿಲು ಮುಚ್ಚಿತು. ಫೀ ಕೊಡುವ ವಿದ್ಯಾರ್ಥಿಗಳೂ ಇಲ್ಲ, ಬಡ್ಡಿ ಕೊಡುವ ಠೇವಣಿಯೂ ಇಲ್ಲ. ವಿದ್ವತ್ತಿಗೆ ಕೊರತೆಯಿಲ್ಲದ ಸಂಸ್ಥೆ ಐದು ವರ್ಷಕ್ಕೆ ಮುಗಿದುಹೋಯಿತು.

ಎರಡನೆಯದು ಶಿಕಾಗೋದ್ದು. 1950ರ ದಶಕದಲ್ಲಿ ಅಲ್ಲಿನ ಕಾನೂನು ಶಾಲೆ ಫೋರ್ಡ್ ಪ್ರತಿಷ್ಠಾನದ ದೊಡ್ಡ ಅನುದಾನದಲ್ಲಿ ಜ್ಯೂರಿ ಪದ್ಧತಿಯ ಅಧ್ಯಯನ ಕೈಗೊಂಡಿತು. 1954ರಲ್ಲಿ ಕ್ಯಾನ್ಸಸ್‌ನ ವಿಚಿಟಾದ ಫೆಡರಲ್ ನ್ಯಾಯಾಲಯದಲ್ಲಿ ಕೆಲವು ಸಿವಿಲ್ ಪ್ರಕರಣಗಳ ಜ್ಯೂರಿ ಸಮಾಲೋಚನೆಯನ್ನು ಸಂಶೋಧಕರು ಧ್ವನಿಮುದ್ರಿಸಿಕೊಂಡರು. ನ್ಯಾಯಾಧೀಶರ ಒಪ್ಪಿಗೆಯಿತ್ತು, ವಕೀಲರ ಒಪ್ಪಿಗೆಯಿತ್ತು. ಜ್ಯೂರಿಯ ಸದಸ್ಯರಿಗೆ ಮಾತ್ರ ತಮ್ಮ ಕೋಣೆಯಲ್ಲಿ ಮೈಕ್ರೊಫೋನ್ ಇರುವುದು ಗೊತ್ತಿರಲಿಲ್ಲ. ಮರುವರ್ಷ ಸುದ್ದಿ ಹೊರಬಿದ್ದಾಗ ಅಟಾರ್ನಿ ಜನರಲ್ ಖಂಡಿಸಿದರು, ಸೆನೆಟ್‌ನ ಉಪಸಮಿತಿ ವಿಚಾರಣೆ ನಡೆಸಿತು, ಪ್ರಾಧ್ಯಾಪಕರ ರಾಜಕೀಯ ಒಲವುಗಳ ಬಗೆಗೂ ಪ್ರಶ್ನೆಗಳು ಎದ್ದವು. 1956ರಲ್ಲಿ ಅಮೆರಿಕದ ಸಂಸತ್ತು ಫೆಡರಲ್ ಜ್ಯೂರಿಯ ಸಮಾಲೋಚನೆಯನ್ನು ಧ್ವನಿಮುದ್ರಿಸುವುದನ್ನೇ ಅಪರಾಧವಾಗಿಸಿತು.

ಯೋಜನೆ ಅಲ್ಲಿಗೆ ಸಾಯಲಿಲ್ಲ ಎಂಬುದು ಕಾನೂನು ಶಾಲೆಯ ಗಟ್ಟಿತನ. ಸಂಶೋಧಕರು ದಾರಿ ಬದಲಿಸಿದರು. ನ್ಯಾಯಾಧೀಶರಿಗೇ ಪ್ರಶ್ನಾವಳಿ ಕಳಿಸಿ, ಜ್ಯೂರಿ ಏನು ತೀರ್ಪು ಕೊಟ್ಟಿತು, ಜ್ಯೂರಿ ಇಲ್ಲದಿದ್ದರೆ ತಾವು ಏನು ಕೊಡುತ್ತಿದ್ದಿರಿ ಎಂದು ಕೇಳಿದರು. 3,576 ಕ್ರಿಮಿನಲ್ ವಿಚಾರಣೆಗಳ ಮಾಹಿತಿ ಬಂತು. ಹ್ಯಾರಿ ಕ್ಯಾಲ್ವೆನ್ ಮತ್ತು ಹಾನ್ಸ್ ಝೈಸೆಲ್ 1966ರಲ್ಲಿ ಪ್ರಕಟಿಸಿದ ‘ದಿ ಅಮೆರಿಕನ್ ಜ್ಯೂರಿ’ ಇವತ್ತಿಗೂ ಆ ಕ್ಷೇತ್ರದ ಅಡಿಪಾಯ. ವಿಚಿಟಾದ ಕೋಣೆಗೆ ಹೋಗುವ ಮುನ್ನವೇ ‘ಒಪ್ಪಿಗೆ ಯಾರದು ಬೇಕು’ ಎಂದು ಕೇಳಿ ಅನುದಾನದ ಕಂತು ತಡೆಯಬಲ್ಲ ಒಂದು ನೈತಿಕ ಸಮಿತಿ ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ಇರಲಿಲ್ಲ. ಇಂದು ಅಂಥ ಸಮಿತಿ ಇರಬೇಕಾದ ಜಾಗ ಅನುದಾನ ಕಚೇರಿಯ ಪಕ್ಕದಲ್ಲೇ.

ಮೂರನೆಯ ಪ್ರಸಂಗ ಕಾನೂನು ಶಾಲೆಗೇ ವಿಶೇಷವಾದದ್ದು. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ತೈಲ ಹಡಗು ಅಲಾಸ್ಕದ ಕರಾವಳಿಯಲ್ಲಿ ಬಂಡೆಗೆ ಅಪ್ಪಳಿಸಿ ಕಡಲಿಗೆ ತೈಲ ಹರಿಯಿತು. 1994ರಲ್ಲಿ ಜ್ಯೂರಿ ಎಕ್ಸಾನ್ ಕಂಪನಿಗೆ 500 ಕೋಟಿ ಡಾಲರ್ ದಂಡರೂಪದ ಪರಿಹಾರ ವಿಧಿಸಿತು. ಮೇಲ್ಮನವಿ ವರ್ಷಗಟ್ಟಲೆ ನಡೆಯಿತು. ಆ ಅವಧಿಯಲ್ಲಿ ಇಂಥ ಪರಿಹಾರಗಳನ್ನು ಜ್ಯೂರಿಗಳು ಹೇಗೆ ನಿರ್ಧರಿಸುತ್ತವೆ ಎಂಬ ಕೆಲವು ಶೈಕ್ಷಣಿಕ ಅಧ್ಯಯನಗಳಿಗೆ ಎಕ್ಸಾನ್ ಹಣ ಕೊಟ್ಟಿತು. 2008ರಲ್ಲಿ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಡೇವಿಡ್ ಸೌಟರ್ ಬರೆದ ತೀರ್ಪು ಪರಿಹಾರವನ್ನು 50.75 ಕೋಟಿ ಡಾಲರಿಗೆ ಇಳಿಸಿತು. ಆ ಅಧ್ಯಯನಗಳ ಬಗ್ಗೆ ಮಾತ್ರ ಒಂದು ಅಡಿಟಿಪ್ಪಣಿಯಲ್ಲಿ, ಅವುಗಳಿಗೆ ಭಾಗಶಃ ಎಕ್ಸಾನ್‌ನ ಹಣ ಇದ್ದುದರಿಂದ ಅವನ್ನು ನೆಚ್ಚುವುದಿಲ್ಲ ಎಂದು ನ್ಯಾಯಾಲಯ ಹೇಳಿಬಿಟ್ಟಿತು.

ಆ ಸಂಶೋಧಕರು ದೊಡ್ಡ ವಿದ್ವಾಂಸರು. ಹಣದ ಮೂಲವನ್ನು ಅವರು ಬಚ್ಚಿಟ್ಟಿರಲೂ ಇಲ್ಲ. ಆದರೂ ಅವರ ಕೆಲಸ ಯಾವ ಮೇಜಿಗೆ ತಲುಪಬೇಕಿತ್ತೋ ಆ ಮೇಜಿನಲ್ಲೇ ಪಕ್ಕಕ್ಕೆ ಸರಿಸಲ್ಪಟ್ಟಿತು. ಭೌತಶಾಸ್ತ್ರಕ್ಕೆ ಹಣ ಕೊಟ್ಟವನು ಗುರುತ್ವಾಕರ್ಷಣೆಯ ವಿರುದ್ಧ ದಾವೆ ಹೂಡಿರುವುದಿಲ್ಲ. ಕಾನೂನು ಸಂಶೋಧನೆಗೆ ಹಣ ಕೊಡುವವನು ಅದೇ ವಿಷಯದಲ್ಲಿ ಕಕ್ಷಿದಾರನಾಗಿರಬಹುದು. ಸರ್ಕಾರಕ್ಕೂ ಈ ಮಾತು ಸಲ್ಲುತ್ತದೆ, ಏಕೆಂದರೆ ನಮ್ಮ ನ್ಯಾಯಾಲಯಗಳಲ್ಲಿ ಎಲ್ಲರಿಗಿಂತ ದೊಡ್ಡ ಕಕ್ಷಿದಾರ ಸರ್ಕಾರವೇ. ಹಣ ಕೊಡುವವರ ಯಾವ ಮೊಕದ್ದಮೆ ಬಾಕಿಯಿದೆ ಎಂದು ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ನೋಡುವುದು ಅನುದಾನ ಕಚೇರಿಯ ಮೊದಲ ಕರ್ತವ್ಯ.

ತನ್ನ ಮೇಲಿನ ಕಾನೂನನ್ನೇ ಓದದ ಕಾನೂನು ಶಾಲೆ

2024ರಲ್ಲಿ ಐಐಟಿ ದೆಹಲಿಗೆ ಜಿಎಸ್‌ಟಿ ಗುಪ್ತಚರ ವಿಭಾಗದಿಂದ 120 ಕೋಟಿ ರೂಪಾಯಿಯ ನೋಟಿಸು ಬಂತು. 2017ರಿಂದ ಬಂದ ಸಂಶೋಧನಾ ಅನುದಾನದ ಮೇಲೆ ತೆರಿಗೆ ಏಕೆ ಕಟ್ಟಿಲ್ಲ ಎಂಬುದು ಪ್ರಶ್ನೆ. ಉನ್ನತ ಶಿಕ್ಷಣ ವಲಯ ಗಾಬರಿಗೊಂಡಿತು. ಸೆಪ್ಟೆಂಬರ್ 9ರಂದು ನಡೆದ 54ನೆಯ ಜಿಎಸ್‌ಟಿ ಮಂಡಳಿ ಸಭೆ ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳಿಗೂ, ಆದಾಯ ತೆರಿಗೆ ಕಾಯ್ದೆಯ 35ನೇ ಕಲಮಿನ ವಿನಾಯಿತಿ ಪಡೆದ ಸಂಸ್ಥೆಗಳಿಗೂ ಸಂಶೋಧನಾ ಅನುದಾನದ ಮೇಲೆ ವಿನಾಯಿತಿ ಕೊಡಲು ನಿರ್ಧರಿಸಿತು. ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಈ ನೆರಳಿನೊಳಗಿವೆ. ಟ್ರಸ್ಟುಗಳು ನಡೆಸುವ ಅನೇಕ ಕಾನೂನು ಕಾಲೇಜುಗಳು ತಮ್ಮ ಸ್ಥಾನ ಯಾವುದೆಂದು ನೋಡಿಕೊಳ್ಳಬೇಕು. ಇಲಾಖೆಯೊಂದಕ್ಕೆ ಅಭಿಪ್ರಾಯ ಬರೆದುಕೊಡುವ ಸಲಹಾ ಕೆಲಸವನ್ನು ಸಂಶೋಧನೆಯೆಂದು ಕರೆದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಸಲಹಾ ಸೇವೆಗೆ ಶೇ. 18ರ ತೆರಿಗೆಯಿದೆ. ಎರಡರ ನಡುವಿನ ಗೆರೆ ಒಪ್ಪಂದದ ಪದಗಳಲ್ಲಿರುತ್ತದೆ. ತೆರಿಗೆ ಕಾನೂನು ಕಲಿಸುವ ಶಾಲೆ ತನ್ನ ಒಪ್ಪಂದವನ್ನು ಅದೇ ಕಣ್ಣಿನಿಂದ ಓದಬೇಕು.

ವಿದೇಶಿ ದೇಣಿಗೆಯ ಕಾಯ್ದೆಯಲ್ಲಿ ಇಂಥ ತಿರುವುಗಳು ಇನ್ನೂ ಹೆಚ್ಚು. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು, ಹಣ ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಿತು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಖಾತೆ ಮತ್ತು ವರ್ಗಾವಣೆಯ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಬೆಂಗಳೂರಿನ ಕಾನೂನು ಶಾಲೆ ವಿದೇಶಿ ಅನುದಾನ ಪಡೆದು ರಾಯಚೂರಿನ ಸ್ವಯಂಸೇವಾ ಸಂಸ್ಥೆಯ ಮೂಲಕ ಕ್ಷೇತ್ರಕಾರ್ಯ ಮಾಡಿಸುವ ಹಳೆಯ ರೀತಿ ಇನ್ನು ನಡೆಯುವುದಿಲ್ಲ. ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಸಂಶೋಧನೆಯೇ ಮುಖ್ಯ ಕೆಲಸವಾಗಿರುವ ಸಂಸ್ಥೆಯಲ್ಲಿ ಕ್ಷೇತ್ರದ ಮಾಹಿತಿ ಕಲೆಹಾಕುವ, ವಿಶ್ಲೇಷಿಸುವ ಸಿಬ್ಬಂದಿಯ ಸಂಬಳವನ್ನು ಆಡಳಿತ ವೆಚ್ಚದ ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ಆ ಕಾಯ್ದೆಯ ನಿಯಮಗಳೇ ಹೇಳುತ್ತವೆ. ಈ ಒಂದು ಸಾಲು ಗೊತ್ತಿರುವ ಅಧಿಕಾರಿ ಇದ್ದ ಕಡೆ ನಾಲ್ಕು ಯುವ ಸಂಶೋಧಕರ ಕೆಲಸ ಉಳಿಯುತ್ತದೆ.

ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯ. ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಬಳಕೆ ಪ್ರಮಾಣಪತ್ರ ಹೋಗಬೇಕು; ಕಚೇರಿಗಳಲ್ಲಿ ಎಲ್ಲರೂ ಅದನ್ನು ಯು.ಸಿ. ಎನ್ನುತ್ತಾರೆ. ಅನುದಾನದ ಮೇಲೆ ಬ್ಯಾಂಕಿನಲ್ಲಿ ಹುಟ್ಟಿದ ಬಡ್ಡಿಯೂ ಸರ್ಕಾರಕ್ಕೇ ಸೇರಬೇಕು. ಯು.ಸಿ. ತಡವಾದರೆ ಮುಂದಿನ ಕಂತು ನಿಲ್ಲುತ್ತದೆ, ಕಂತು ನಿಂತರೆ ಪ್ರಾಜೆಕ್ಟ್ ಸಹಾಯಕರ ಸಂಬಳ ನಿಲ್ಲುತ್ತದೆ. ಮೂರು ತಿಂಗಳು ಸಂಬಳವಿಲ್ಲದೆ ಕಾದ ಹುಡುಗ ಅಥವಾ ಹುಡುಗಿ ವಕೀಲಿಕೆಗೋ ಕಂಪನಿಯ ನೌಕರಿಗೋ ಹೋಗುತ್ತಾರೆ; ಎರಡು ವರ್ಷ ಕಲಿತ ಸಂದರ್ಶನದ ಕೌಶಲವೂ ಅವರೊಂದಿಗೆ ಹೊರಟುಹೋಗುತ್ತದೆ. ಯು.ಸಿ.ಯನ್ನು ಗುಮಾಸ್ತಿಕೆಯೆಂದು ತಾತ್ಸಾರ ಮಾಡುವವರು ಈ ಸರಪಳಿಯನ್ನು ನೋಡಬೇಕು.

ಆ ಮೇಜಿಗೆ ಹಣ ಎಲ್ಲಿಂದ?

ಇಂಥ ಅನುದಾನ ಕಚೇರಿ ನಡೆಸುವುದಕ್ಕೂ ಖರ್ಚಿದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಒಂದು ಅಧ್ಯಯನದ ಪೂರ್ಣ ವೆಚ್ಚವನ್ನು ಲೆಕ್ಕ ಹಾಕುತ್ತವೆ: ಪ್ರಾಧ್ಯಾಪಕರ ವೇಳೆ, ಕಟ್ಟಡ, ವಿದ್ಯುತ್ತು, ಗ್ರಂಥಾಲಯ, ಲೆಕ್ಕ ಶಾಖೆ ಎಲ್ಲ ಸೇರಿ. ಸರ್ಕಾರದ ಸಂಶೋಧನಾ ಸಂಸ್ಥೆ ಯುಕೆಆರ್‌ಐ ಸಾಮಾನ್ಯವಾಗಿ ಅದರಲ್ಲಿ ಶೇ. 80 ಕೊಡುತ್ತದೆ. ಐರೋಪ್ಯ ಒಕ್ಕೂಟದ ಹೊರೈಜನ್ ಯೂರೋಪ್ ನೇರ ವೆಚ್ಚದ ಮೇಲೆ ಶೇ. 25ರಷ್ಟನ್ನು ಪರೋಕ್ಷ ವೆಚ್ಚಕ್ಕೆಂದು ಸೇರಿಸುತ್ತದೆ. ಭಾರತದಲ್ಲಿ ಓವರ್‌ಹೆಡ್ ಎಂದು ಸಿಗುವುದು ಕಡಿಮೆ, ಸಿಕ್ಕದ್ದೂ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಲ್ಲಿ ಕರಗುತ್ತದೆ. ಅದರಲ್ಲಿ ಒಂದು ನಿಶ್ಚಿತ ಪಾಲು ಕಾನೂನು ಶಾಲೆಯ ಅನುದಾನ ಕಚೇರಿಗೇ ವಾಪಸಾಗಬೇಕೆಂದು ಸಿಂಡಿಕೇಟ್ ಒಂದು ನಿರ್ಣಯ ಮಾಡಿದರೆ ಸಾಕು, ಹೊಸ ಕಾನೂನೇನೂ ಬೇಕಿಲ್ಲ. ಉಳಿದದ್ದಕ್ಕೆ ಇಡುಗಂಟು. ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯ ವಕೀಲರು, ನ್ಯಾಯಮೂರ್ತಿಗಳು, ಕಂಪನಿಗಳ ಕಾನೂನು ಮುಖ್ಯಸ್ಥರು ಇರುವ ಶಾಲೆಗೆ ದಾನಿಗಳ ಕೊರತೆಯಿಲ್ಲ. ಕಟ್ಟಡಕ್ಕೆ ಹೆಸರು ಕೆತ್ತಿಸುವ ದಾನಿಗೆ, ಸಂಶೋಧನಾ ಸಹಾಯಕರ ಸಂಬಳದ ನಿಧಿಗೆ ಹೆಸರು ಕೊಡುವುದರಲ್ಲೂ ಅಷ್ಟೇ ಗೌರವವಿದೆಯೆಂದು ಮನದಟ್ಟು ಮಾಡಬೇಕಾಗಿದೆ.

ಕಚೇರಿಯೆಂದರೆ ದೊಡ್ಡ ಇಲಾಖೆಯೇ ಬೇಕಿಲ್ಲ. ಅರ್ಜಿ ಬರೆಯಲು, ಓದಲು ಬಲ್ಲ ಒಬ್ಬರು, ಲೆಕ್ಕ ಬಲ್ಲ ಒಬ್ಬರು, ಒಪ್ಪಂದ ಓದಬಲ್ಲ ಒಬ್ಬರು. ಒಪ್ಪಂದ ಓದುವವರ ಕಣ್ಣು ಮುಖ್ಯವಾಗಿ ಮೂರು ಕಡೆ ಹರಿಯಬೇಕು. ವರದಿ ಪ್ರಕಟಿಸಲು ದಾನಿಯ ಒಪ್ಪಿಗೆ ಬೇಕೆಂಬ ಷರತ್ತಿದೆಯೇ? ಸಂದರ್ಶನ ಕೊಟ್ಟವರ ಗುರುತು, ದಾಖಲೆ ಯಾರ ವಶದಲ್ಲಿ ಇರುತ್ತವೆ? ನಡುವೆ ಅನುದಾನ ನಿಂತರೆ ನೇಮಕವಾದವರ ಸಂಬಳದ ಹೊಣೆ ಯಾರದು? ಮೊದಲನೆಯ ಷರತ್ತು ಇದ್ದರೆ ಎಷ್ಟೇ ದೊಡ್ಡ ಮೊತ್ತವಾದರೂ ಕಾನೂನು ಶಾಲೆ ಬೇಡವೆನ್ನುವ ಧೈರ್ಯ ಮಾಡಬೇಕು. ಪ್ರಕಟಿಸಲಾಗದ ವರದಿಯನ್ನು ನ್ಯಾಯಾಲಯವೂ ನೋಡುವುದಿಲ್ಲ, ಶಾಸನಸಭೆಯೂ ನೋಡುವುದಿಲ್ಲ, ಅದರ ವಿಷಯವಾದ ಜನರೂ ನೋಡುವುದಿಲ್ಲ.

ಹುಬ್ಬಳ್ಳಿಯಲ್ಲಿ ಒಂದು ಆರಂಭ

ನಾಗರಬಾವಿಯಂಥ ಶಾಲೆಗೆ ತನ್ನದೇ ಹೆಸರಿದೆ, ಸಂಪರ್ಕಗಳಿವೆ. ಕರ್ನಾಟಕದ ಹೆಚ್ಚಿನ ಕಾನೂನು ವಿದ್ಯಾರ್ಥಿಗಳು ಓದುವುದು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ. ಆ ಅಧ್ಯಾಪಕರಿಗೆ ಜಿಲ್ಲಾ ನ್ಯಾಯಾಲಯಗಳು, ತಾಲ್ಲೂಕು ಕಚೇರಿಗಳು, ಜೈಲುಗಳು ಹತ್ತಿರ. ಅಲ್ಲಿನ ಕನ್ನಡವೂ ಗೊತ್ತು. ಗೊತ್ತಿಲ್ಲದ್ದು ಅನುದಾನದ ದಾರಿ. ಒಂದೊಂದು ಕಾಲೇಜೂ ಪ್ರತ್ಯೇಕ ಕಚೇರಿ ಇಟ್ಟುಕೊಳ್ಳಲಾರದು. ಎಲ್ಲ ಕಾಲೇಜುಗಳಿಗೂ ಸೇರಿ ಹುಬ್ಬಳ್ಳಿಯಲ್ಲಿ ಒಂದು ಕಚೇರಿ ಇರಬಹುದು. ಅನುದಾನದ ಕರೆಗಳ ವರ್ಷದ ಪಟ್ಟಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ಮಾದರಿ ಒಪ್ಪಂದ, ಕನ್ನಡ ಸಾಕ್ಷ್ಯ ಹೇಳಿಕೆಗಳ ಅನುವಾದಕ್ಕೆ ನಿಗದಿತ ದರ, ಎಲ್ಲರಿಗೂ ತೆರೆದಿರುವ ದಾನಿಗಳ ನೋಂದಣಿ ಪುಸ್ತಕ, ವರದಿಯ ಕನ್ನಡ ಆವೃತ್ತಿಗೆಂದು ವೆಚ್ಚದ ಪಟ್ಟಿಯಲ್ಲೇ ಒಂದು ಸಾಲು: ಮೊದಲ ವರ್ಷಕ್ಕೆ ಇಷ್ಟು ಕೆಲಸ ಸಾಕು.

ಕಾದಿರುವ ಪ್ರಶ್ನೆಗಳಿಗೆ ಬರವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ, ಕೆಲವು ಅಪವಾದಗಳನ್ನು ಬಿಟ್ಟು, ಬಿಡುಗಡೆಗೆ ಅರ್ಹ. ಅದಕ್ಕೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕಾದ್ದು ಜೈಲು ಅಧೀಕ್ಷಕರು. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಹೇಳಿತು. ಕಲಬುರಗಿ, ಧಾರವಾಡ, ಮೈಸೂರಿನ ಜೈಲುಗಳಲ್ಲಿ ಇಂಥ ಅರ್ಜಿ ಎಷ್ಟು ಹೋದವು, ಎಷ್ಟು ಮಂದಿ ಮನೆ ಸೇರಿದರು, ಜಾಮೀನುದಾರರು ಸಿಗದೆ ಎಷ್ಟು ಮಂದಿ ಒಳಗೇ ಉಳಿದರು? ಇದನ್ನು ತಿಳಿಯಲು ಮೂವರು ಸಂಶೋಧನಾ ಸಹಾಯಕರು, ಬಂದೀಖಾನೆ ಇಲಾಖೆಯ ಅನುಮತಿ, ಆದೇಶಗಳ ಪ್ರಮಾಣೀಕೃತ ನಕಲುಗಳ ಶುಲ್ಕ, ಮೂರು ಜಿಲ್ಲೆಗಳ ಓಡಾಟದ ಭತ್ಯೆ, ಅಧ್ಯಾಪಕರಿಗೆ ಒಂದು ಸೆಮಿಸ್ಟರಿನ ಪಾಠದ ಹೊರೆ ಇಳಿಕೆ ಬೇಕು. ಅರ್ಜಿಯ ಕರಡು, ಈ ವೆಚ್ಚದ ಪಟ್ಟಿ, ನೈತಿಕ ಸಮಿತಿಯ ಒಪ್ಪಿಗೆ ಮೂರನ್ನೂ ಒಟ್ಟಿಗೇ ಸಿದ್ಧಪಡಿಸಿ ಕೊಡುವ ಒಬ್ಬ ಅಧಿಕಾರಿಯನ್ನು ವಿಶ್ವವಿದ್ಯಾಲಯ ನೇಮಿಸಿದರೆ, ಈ ಅಧ್ಯಯನ ಬರುವ ಶೈಕ್ಷಣಿಕ ವರ್ಷದಲ್ಲೇ ಶುರುವಾಗಬಹುದು.